ಕೆಂಪು ಎಳೆಯ ಬಿಳಿಗಲ್ಲು

ಖಣ್ ಎಂದಿತು. ತಗಡಿನ ಮೇಲೆ ಕಲ್ಲು ಬಿದ್ದ ಸದ್ದು. ಸ್ವಲ್ಪ ಹೊತ್ತು ಬಿಟ್ಟು ಮತ್ತೊಮ್ಮೆ ಖಣ್.

ಡೀಲಿಯಾ ಗೆರಾಟಿ ಇಗರ್ಜಿಯ ಬಲಿಪೀಠದ ಹಾಸುಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದಳು. ಸಂತರ ಹಬ್ಬಕ್ಕೆ ಈ ಸಲ ಬಿಷಪ್ಪರೇ ಬರುವವರಿದ್ದರು. ಸದ್ದಿಗೆ ಅವಳ ಕೈ ನಿಂತಿತು. ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿ ಕಿಟಕಿಯತ್ತ ಕಿವಿಗೊಟ್ಟಳು. ಸದ್ದು ಹಳೆಯ ಮಣ್ಣುಕೋಟೆಯೊಂದು ಉಳಿದಿದ್ದ ಕೋಟೆದಿಬ್ಬದ ಕಡೆಯಿಂದಲೇ ಬರುತ್ತಿತ್ತು. ಈ ಸದ್ದು ಕೇಳದಿರಲಿ, ಕೇಳದಿರಲಿ ಎಂದು ಅವಳು ಎರಡು ವಾರದಿಂದ ಬೇಡಿಕೊಳ್ಳುತ್ತಿದ್ದಳು.

ಎರಡು ವಾರದ ಹಿಂದೆ ಶಾಲೆಯ ಕೋಣೆಯಲ್ಲಿ ಕಿಲ್‌ಬ್ರೀನಾ ಊರಿನ ಪರಂಪರೆ ಸಮಿತಿ ಸೇರಿತ್ತು. ಟೈನನ್ ಮೇಷ್ಟ್ರು ಅದರ ಮುಖ್ಯಸ್ಥರು. ಡಬ್ಲಿನ್ ಕಡೆಯವರು, ನಿವೃತ್ತರಾದ ಮೇಲೆ ಇಲ್ಲಿಗೆ ಬಂದು ನೆಲೆಸಿ, ಮನೆಮನೆ ತಿರುಗಿ ಊರಿನ ಚರಿತ್ರೆ ಬರೆಯುತ್ತಿದ್ದರು. ಒಳ್ಳೆಯ ಮನುಷ್ಯ. "ಸಂತರ ಬಾವಿಗೊಂದು ಚೆಂದದ ಕಟ್ಟೆ ಕಟ್ಟಿಸೋಣ. ಕೋಟೆದಿಬ್ಬದಲ್ಲಿ ಬಿಳಿಗಲ್ಲು ಸುಮ್ನೆ ಬಿದ್ದಿವೆ, ಅವನ್ನೇ ತರಿಸೋಣ. ಯಾರದಾದ್ರೂ ತಕರಾರು ಇದ್ಯಾ?" ಎಂದು ಕೇಳಿದರು.

ಡೀಲಿಯಾ ಚಹಾ ಬಗ್ಗಿಸುತ್ತಿದ್ದಳು. ಕೋಣೆಯಲ್ಲಿದ್ದ ಹಿರಿತಲೆಗಳೆಲ್ಲ ತಂತಮ್ಮ ಲೋಟದೊಳಗೆ ಬಗ್ಗಿದವು. ಯಾರಾದರೂ ಒಬ್ಬರು ಬಾಯಿ ಬಿಡುತ್ತಾರೆ ಎಂದು ಅವಳು ಕಾದಳು. ಪಕ್ಕದ ಮನೆಯ ಸಬೀನಾ ರುವೇನ್ ಬಾಯಿ ಬಿಟ್ಟಳು. ಸಕ್ಕರೆ ಕೊಡು ಎಂದಳು. ಸಬೀನಾ ಹುಟ್ಟಿದಾಗಿನಿಂದ ಚಹಾಕ್ಕೆ ಸಕ್ಕರೆ ಹಾಕಿಕೊಂಡವಳಲ್ಲ. ತಕರಾರಿಲ್ಲವೆಂದು ಮೇಷ್ಟ್ರು ಮುಂದಿನ ವಿಷಯಕ್ಕೆ ಹೋದರು. ಡೀಲಿಯಾ ಬಗ್ಗಿಸುತ್ತಿದ್ದ ಲೋಟ ತುಂಬಿ ಮೇಜಿನ ಮೇಲೆ ಹರಿಯಿತು.

ಸರೋವರದ ಆಚೆಯ ಊರಿನಿಂದ, ಗಾಡಿಯ ಮೇಲೆ ಒಂದು ಕೋಳಿಗೂಡನ್ನು ತೊಡೆಯಲ್ಲಿಟ್ಟುಕೊಂಡು ಡೀಲಿಯಾ ಈ ಊರಿಗೆ ಮದುವೆಯಾಗಿ ಬಂದವಳು. ಗಂಡ ಫೆಸ್ಟಸ್ ಮಾತು ಕಡಿಮೆಯವನು. ಮೊದಲ ಕೂಸು ಹಿಮ ಬಿದ್ದ ದಿನ ಹುಟ್ಟಿತು. ಅಳಲಿಲ್ಲ. ಸೂಲಗಿತ್ತಿ ಕೂಸಿನ ಬೆನ್ನು ತಟ್ಟಿ ತಟ್ಟಿ ಸೋತು, ಬಟ್ಟೆಯಲ್ಲಿ ಸುತ್ತಿ ಗೋಡೆಯ ಕಡೆಗೆ ತಿರುಗಿ ನಿಂತಳು. ಜ್ಞಾನಸ್ನಾನವಾಗದ ಕೂಸಿಗೆ ಇಗರ್ಜಿಯ ಮಣ್ಣಿಲ್ಲ. ಸ್ವರ್ಗವೂ ಇಲ್ಲ ಎಂದು ಆಗಿನ ಪಾದ್ರಿಗಳು ಹೇಳುತ್ತಿದ್ದರು. ಅಂಥ ಕೂಸುಗಳನ್ನು ತಂದೆಯಾದವನು ಬೆಳಕು ಹರಿಯುವ ಮುನ್ನ ಒಬ್ಬನೇ ಕೋಟೆದಿಬ್ಬಕ್ಕೆ ಒಯ್ದು ಮಣ್ಣು ಮಾಡಿ, ಮೇಲೊಂದು ಬಿಳಿ ಬೆಣಚುಕಲ್ಲು ಇಟ್ಟು ಬರಬೇಕು. ತಾಯಿ ಹೋಗುವಂತಿಲ್ಲ. ಆಮೇಲೆ ಆ ಮಾತನ್ನು ಯಾರೂ ಎತ್ತುವಂತಿಲ್ಲ.

ಫೆಸ್ಟಸ್ ಚಹಾ ತುಂಬಿ ಬರುವ ಮರದ ಪೆಟ್ಟಿಗೆ ಒಡೆದು ಸಣ್ಣದೊಂದು ಪೆಟ್ಟಿಗೆ ಮಾಡಿದ. ಹಿಂದಿರುಗಿದಾಗ ಅವನ ಷರಾಯಿಯ ಮೊಣಕಾಲಿಗೆ ಹಸಿಮಣ್ಣು ಮೆತ್ತಿತ್ತು. ಅದನ್ನು ಒಗೆದವಳು ಡೀಲಿಯಾ. "ಬಿಳಿ ಕಲ್ಲು. ನಡುವೆ ಕೆಂಪು ಎಳೆ ಇದೆ" ಎಂದಷ್ಟೇ ಹೇಳಿದ. ಸಾಯುವತನಕ ಅದರ ಬಗ್ಗೆ ಮತ್ತೊಂದು ಮಾತು ಹೇಳಲಿಲ್ಲ.

ಪ್ರತಿ ವರ್ಷ ಸಂತರ ಹಬ್ಬಕ್ಕೆ ಊರಿಗೆ ಊರೇ ದಿಬ್ಬದ ಪಕ್ಕದ ದಾರಿಯಲ್ಲಿ ಬಾವಿಗೆ ನಡೆದು ಹೋಗುತ್ತದೆ. ಡೀಲಿಯಾ ದಿಬ್ಬದ ಬದಿಗೇ ನಡೆಯುವಳು. ಮುಳ್ಳುಮರದ ಕೆಳಗೆ, ದಿಬ್ಬವನ್ನು ಸುತ್ತಿದ ಮಣ್ಣಿನ ಏರಿ ಕುಸಿದು ಒಂದು ಸಂದಿಯಾಗಿದೆ. ಅಲ್ಲಿಂದ ಕಾಣುವ ಹತ್ತಾರು ಬಿಳಿಗಲ್ಲುಗಳಲ್ಲಿ ಒಂದರ ಮೇಲೆ ಕೆಂಪು ಎಳೆ. ಮಳೆಯಾಗಿದ್ದರೆ ಇನ್ನೂ ಚೆನ್ನಾಗಿ ಕಾಣುತ್ತಿತ್ತು. ನಿಂತರೆ ಜನಕ್ಕೆ ತಿಳಿಯುತ್ತದೆಂದು ನಿಲ್ಲುತ್ತಿರಲಿಲ್ಲ, ಹೆಜ್ಜೆ ಮಾತ್ರ ನಿಧಾನವಾಗುತ್ತಿತ್ತು. ಸಬೀನಾಳ ಹೆಜ್ಜೆಯೂ ಅಲ್ಲೇ ಎಲ್ಲೋ ನಿಧಾನವಾಗುತ್ತಿತ್ತು. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಿರಲಿಲ್ಲ. ಡೀಲಿಯಾಳ ಮಗಳು ನುವಾಲಾಗೆ ತನಗೊಬ್ಬ ಅಣ್ಣನಿದ್ದನೆಂಬುದೇ ಗೊತ್ತಿಲ್ಲ.

ದಿಬ್ಬದಿಂದ ಒಂದು ಕಡ್ಡಿ ತಂದರೂ ಹಸು ಹಾಲಿನ ಬದಲು ರಕ್ತ ಕರೆಯುತ್ತದೆ, ದಿಬ್ಬದೊಳಗೆ ಇರುವ ಮಾಯದ ಗುಡ್ಡದ ಮಂದಿ ಮನೆಗೆ ಬರುತ್ತಾರೆ ಎಂದು ಹಿರಿಯರು ಮಕ್ಕಳನ್ನು ಹೆದರಿಸುತ್ತಿದ್ದರು. ನುವಾಲಾಳನ್ನು ಡೀಲಿಯಾಳೂ ಹೆದರಿಸಿದ್ದಳು. ಒಳಗೆ ಮಲಗಿದ್ದ ಕೂಸುಗಳಿಗೆ ಆ ಹೆದರಿಕೆಯೊಂದೇ ಬೇಲಿಯಾಗಿತ್ತು. ಈಗಿನವರಿಗೆ ಗುಡ್ಡದ ಮಂದಿಯ ಭಯವಿಲ್ಲ.

ಮತ್ತೆ ಖಣ್.

ಅವಳು ಏಪ್ರನ್ನಿನ ಮೇಲೇ ಕೋಟು ಹಾಕಿಕೊಂಡು ಹೊರಟಳು. ದಾರಿಯಲ್ಲಿ ಕಲ್ಲುಗೋಡೆಯ ಹಿಂದೆ ಸಬೀನಾ ಬಕೆಟ್ ಹಿಡಿದು ನಿಂತಿದ್ದಳು. ಬಕೆಟ್ ಖಾಲಿ. ಆ ಹೊಲದಲ್ಲಿ ಹಸುವೂ ಇರಲಿಲ್ಲ.

"ಕೇಳಿಸ್ತೇನೇ?" ಎಂದಳು ಡೀಲಿಯಾ.

"ಏನು?"

"ಕಿವಿ ಇದ್ಯಲ್ಲ ನಿಂಗೆ."

"ಗಾಳಿ ಜೋರಾಗಿದೆ ಇವತ್ತು" ಎಂದಳು ಸಬೀನಾ. ಬಕೆಟ್ಟಿನ ಹಿಡಿ ಅವಳ ಕೈಯಲ್ಲಿ ಕಿಟಕಿಟ ಎನ್ನುತ್ತಿತ್ತು.

"ಬಾ ನನ್ ಜೊತೆ."

"ಒಲೆ ಮೇಲೆ ಆಲೂಗಡ್ಡೆ ಇಟ್ಟಿದೀನಿ, ಡೀಲಿಯಾ."

ಡೀಲಿಯಾ ಒಬ್ಬಳೇ ಹೋದಳು. ದಿಬ್ಬದ ಬಾಗಿಲಲ್ಲಿ ಜಾರ್ಲತ್ ಕ್ವಿನ್‌ನ ಟ್ರ್ಯಾಕ್ಟರ್ ನಿಂತಿತ್ತು, ಹಿಂದೆ ತಗಡಿನ ಟ್ರೇಲರ್. ಜಾರ್ಲತ್ ಬೇರೆ ಸೀಮೆಯಿಂದ ಮನೆಯಳಿಯನಾಗಿ ಬಂದವನು. ಅವನಿಗೆ ಯಾರೂ ಏನೂ ಹೇಳಿರಲಿಲ್ಲ. ಮೇಷ್ಟ್ರು ಟೋಪಿ ಹಾಕಿಕೊಂಡು ಪಕ್ಕದಲ್ಲಿ ನಿಂತಿದ್ದರು.

"ಬನ್ನಿ ಬನ್ನಿ ಡೀಲಿಯಮ್ಮ" ಎಂದ ಜಾರ್ಲತ್. "ಚಹಾ ತಂದ್ರೋ, ಬೈಯೋಕೆ ಬಂದ್ರೋ? ಗುಡ್ಡದ ಮಂದಿ ಇನ್ನೂ ನನ್ ಟ್ರ್ಯಾಕ್ಟರ್ ಮುಟ್ಟಿಲ್ಲ. ಮುಟ್ಟಿ ಆ ಹಾಳು ಕ್ಲಚ್ ಸರಿ ಮಾಡ್ಕೊಟ್ರೆ ನಾನೇನು ಬೇಡ ಅನ್ನಲ್ಲ."

"ಈ ಕಲ್ಲು ಇಲ್ಲಿ ಹುಟ್ಟಿದ್ದಲ್ಲ, ಮಿಸೆಸ್ ಗೆರಾಟಿ" ಎಂದರು ಮೇಷ್ಟ್ರು. "ಯಾರೋ ಹೊತ್ತು ತಂದಿಟ್ಟಿದ್ದು. ಯಾಕೆ ಅಂತ ನಂಗೆ ಇವತ್ತಿಗೂ ಗೊತ್ತಾಗಿಲ್ಲ."

ಡೀಲಿಯಾಗೆ ಅದು ಕೇಳಿಸಲಿಲ್ಲ. ಮುಳ್ಳುಮರದ ಕೆಳಗಿನ ಸಂದಿಯಿಂದ ಒಳಗೆ ನೋಡುತ್ತಿದ್ದಳು. ಕಲ್ಲು ಇದ್ದಲ್ಲೆಲ್ಲ ಕಂದು ಗುಳಿಗಳು, ಒಂದರ ಪಕ್ಕದಲ್ಲಿ ಒಂದು. ಹುಲ್ಲಿನಲ್ಲಿ ಕಣ್ಣು ತೆರೆದ ಹಾಗೆ. ಯಾವುದು ಯಾರದೆಂದು ಹೇಳಲು ಅಲ್ಲಿ ಏನೂ ಉಳಿದಿರಲಿಲ್ಲ.

ಅವಳು ಟ್ರೇಲರಿನ ಚಕ್ರದ ಮೇಲೆ ಕಾಲಿಟ್ಟು ಹತ್ತಿದಳು. ಒಂದೊಂದೇ ಕಲ್ಲನ್ನು ತಿರುವಿ ನೋಡಿ ಪಕ್ಕಕ್ಕೆ ಇಡತೊಡಗಿದಳು. ಎಸೆಯಲಿಲ್ಲ, ಇಟ್ಟಳು.

"ಅಮ್ಮಾ, ಬೆರಳು ಜಜ್ಜೀತು. ಏನಾದ್ರೂ ಕಳಕೊಂಡ್ರಾ?" ಎಂದ ಜಾರ್ಲತ್. ಅವನ ನಗು ಅರ್ಧಕ್ಕೆ ಬಂದು ನಿಂತಿತ್ತು.

ಅಡಿಯಲ್ಲಿ ಸಿಕ್ಕಿತು. ಒಂದು ಇಡೀ ಬ್ರೆಡ್ಡಿನಷ್ಟು ದೊಡ್ಡದು. ಬೆರಳ ತುದಿಯಿಂದ ಮಣ್ಣು ಒರೆಸಿದಳು. ಕೆಂಪು ಎಳೆ ಕಂಡಿತು. ಇಷ್ಟು ಹತ್ತಿರದಿಂದ ಅವಳು ಅದನ್ನು ನೋಡಿದ್ದು ಅದೇ ಮೊದಲು.

"ಇದು ಎಲ್ಲಿತ್ತು, ಜಾರ್ಲತ್?"

"ಅಲ್ಲೇ ಎಲ್ಲೋ. ಎಲ್ಲಾ ಒಂದೇ ಥರ ಇವೆ, ಹೆಂಗೆ ಹೇಳ್ಲಿ? ಯಾಕೆ?"

ನುವಾಲಾಳ ಮುಖ ನೆನಪಾಯಿತು, ಇಸ್ತ್ರಿಯಾಗದ ಹಾಸುಬಟ್ಟೆ ನೆನಪಾಯಿತು. ಸರೋವರದ ಮೇಲೆ ಮಳೆಯ ಬೂದು ಪರದೆ ಇತ್ತ ಸರಿಯುತ್ತಿತ್ತು. ಅದು ಬಂದರೆ ಗುಳಿಗಳ ಅಂಚು ಕುಸಿದು ಎಲ್ಲ ಒಂದೇ ಕೆಸರಾಗುತ್ತದೆ.

"ಇದರ ಕೆಳಗೆ ನನ್ ಮಗ ಇದಾನೆ" ಎಂದಳು.

ಜಾರ್ಲತ್‌ನ ಕೈಯಲ್ಲಿ ಇನ್ನೊಂದು ಕಲ್ಲಿತ್ತು. ಅದನ್ನು ಏನು ಮಾಡಬೇಕೆಂದು ತಿಳಿಯದೆ ಎದೆಗೆ ಹಿಡಿದು ನಿಂತ. "ಹಂಗಾದ್ರೆ ಇದು?"

"ನಂಗೆ ಗೊತ್ತಿಲ್ಲ. ಕಲ್ಲು ಇಟ್ಟವರ ಮನೇವ್ರಿಗೆ ಗೊತ್ತು."

"ದೇವರೇ" ಎಂದು ಮೆಲ್ಲಗೆ ಅಂದ ಜಾರ್ಲತ್. ಬಗ್ಗಿ, ಓಡುತ್ತಲೇ ಇದ್ದ ಟ್ರ್ಯಾಕ್ಟರಿನ ಎಂಜಿನ್ ಆರಿಸಿದ. ಆಮೇಲೆ ಉಳಿದದ್ದು ಗಾಳಿಯ ಸದ್ದು ಒಂದೇ.

ಮೇಷ್ಟ್ರು ಟೋಪಿ ತೆಗೆದರು. "ನಿಮ್ಮೆಲ್ರ ಮನೇಲಿ ಕೂತು ಬರ್ಕೊಂಡಿದೀನಿ, ಮಿಸೆಸ್ ಗೆರಾಟಿ. ಅಜ್ಜಂದಿರ ಜಗಳ, ಸತ್ತ ಕುದುರೆ ಹೆಸರು, ಎಲ್ಲಾ ಹೇಳಿದ್ರಿ. ಇದೊಂದು ಮಾತು ಯಾರೂ..."

ಡೀಲಿಯಾ ಕಲ್ಲನ್ನು ಹೊಟ್ಟೆಗೆ ಒತ್ತಿಕೊಂಡು ಇಳಿದಳು. ಒಂದೊಂದು ಗುಳಿಯಲ್ಲೂ ಇಟ್ಟು ನೋಡಬೇಕು. ಕಲ್ಲಿಗೆ ತನ್ನ ಗುಳಿ ಗೊತ್ತಿರುತ್ತದೆ. ಯಾವುದರಲ್ಲೂ ಕೂರದಿದ್ದರೆ? ಎರಡರಲ್ಲಿ ಕೂತರೆ? ಮಳೆಯ ಮೊದಲ ಹನಿ ಕೆಂಪು ಎಳೆಯ ಮೇಲೆ ಬಿತ್ತು.

ದಾರಿಯ ಕಡೆ ನೋಡಿದಳು. ಸಬೀನಾ ದಿಬ್ಬದ ಬಾಗಿಲತನಕ ಬಂದು ನಿಂತಿದ್ದಳು. ಕೈಯಲ್ಲಿ ಬಕೆಟ್ ಇರಲಿಲ್ಲ. ಅವಳ ಹಿಂದೆ ಗೋಡೆಯ ಉದ್ದಕ್ಕೂ ಅಲ್ಲೊಂದು ಇಲ್ಲೊಂದು ಹಿರಿಯ ತಲೆ.

"ಸಭೇಲಿ ಕೇಳಿದ್ನಲ್ಲ ನಾನು" ಎನ್ನುತ್ತಿದ್ದರು ಮೇಷ್ಟ್ರು. "ತಕರಾರು ಇದ್ಯಾ ಅಂತ ಕೇಳ್ದೆ. ನೀವೇ ಚಹಾ ಕೊಡ್ತಾ ನಿಂತಿದ್ರಿ. ಒಂದು ಮಾತು ಹೇಳಿದ್ರೆ ನಾನು ಇದನ್ನ..."

ಡೀಲಿಯಾ ಮುಳ್ಳುಮರದ ಕೊಂಬೆಯನ್ನು ಹೆಗಲಿನಿಂದ ಸರಿಸಿ, ಈವರೆಗೆ ದಾಟದ ಏರಿಯ ಸಂದಿಯನ್ನು ದಾಟಿ ಒಳಗೆ ನಡೆದಳು.