ಡ್ರಮ್ಮಿನೊಳಗಿನ ಕಲ್ಲು

ನಮ್ಮಣ್ಣ ಕಲ್ಲು ನೆಕ್ಕುತ್ತಿದ್ದ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ, ಯಾಕೆಂದರೆ ಊರಿನವರು ಅವನ ಗುರುತು ಹೇಳುತ್ತಿದ್ದುದೇ ಹಾಗೆ. ಹೊಳೆದಂಡೆಯಲ್ಲೋ, ಬಾವಿ ತೋಡಿದ ಮಣ್ಣಗುಡ್ಡೆಯಲ್ಲೋ, ರಸ್ತೆಗೆಂದು ಸುರಿದ ಜಲ್ಲಿಯಲ್ಲೋ ಒಂದು ಕಲ್ಲು ಕಣ್ಣಿಗೆ ಬಿದ್ದರೆ ಸಾಕು, ಎತ್ತಿಕೊಂಡು ಪಂಚೆಯಲ್ಲಿ ಒರೆಸಿ, ನಾಲಿಗೆಯ ತುದಿಯಿಂದ ಒಮ್ಮೆ ಸವರಿ, ಬಿಸಿಲಿಗೆ ಹಿಡಿಯುತ್ತಿದ್ದ. ಒದ್ದೆಯಾದಾಗ ಯಾವ ಬಣ್ಣ ಕಾಣುತ್ತದೋ ಪಾಲಿಶ್ ಆದಮೇಲೆ ಅದೇ ಬಣ್ಣ ನಿಲ್ಲುತ್ತದೆ ಅನ್ನುವುದು ಅವನ ಲೆಕ್ಕ. "ಥೂ, ಅದರ ಮೇಲೆ ಯಾವ ನಾಯಿ ಏನು ಮಾಡಿತ್ತೋ!" ಎಂದು ಅವ್ವ ಬೈಯುತ್ತಿದ್ದಳು. ಅವನು ನಕ್ಕು ಕಲ್ಲನ್ನು ಜೇಬಿಗೆ ಇಳಿಸುತ್ತಿದ್ದ. ಅವನ ಅಂಗಿಗಳ ಜೇಬು ಹೊಲಿದು ಹೊಲಿದು ನನಗೆ ಸಾಕಾಗಿಹೋಗಿತ್ತು.

ನಮ್ಮದು ಹೊಸೂರಿನಾಚೆ ಸೂಳಗಿರಿಯಿಂದ ಒಳಗೆ ನಡೆದು ಹೋಗಬೇಕಾದ ಊರು. ರಾಗಿ, ಹುರುಳಿ, ಬಾವಿ ನೀರು ಇದ್ದಷ್ಟು ಜಾಗದಲ್ಲಿ ಟೊಮೇಟೊ. ಅಪ್ಪ ನಾನು ಚಿಕ್ಕವಳಿದ್ದಾಗಲೇ ಹೋಗಿಬಿಟ್ಟ. ನನಗಿಂತ ಹತ್ತು ವರ್ಷ ದೊಡ್ಡವನಾದ ಅಣ್ಣನೇ ನೇಗಿಲು ಹಿಡಿದ, ಮನೆಯನ್ನೂ ಹಿಡಿದ. ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಹೊಸೂರಿನಲ್ಲಿ ಒಂದರ ಹಿಂದೆ ಒಂದು ಫ್ಯಾಕ್ಟರಿ ಎದ್ದವು. ಅಣ್ಣ ಬೆಳಗ್ಗೆ ಹೊಲಕ್ಕೆ ನೀರು ತಿರುಗಿಸಿ, ಸೈಕಲ್ಲಿನಲ್ಲಿ ಹೆದ್ದಾರಿಗೆ ಹೋಗಿ, ಅಲ್ಲಿಂದ ಬಸ್ಸು ಹಿಡಿದು ಶಿಫ್ಟಿಗೆ ಹೋಗತೊಡಗಿದ. ಕುಡಿಯುವವನಲ್ಲ, ಬೀಡಿ ಸೇದುವವನಲ್ಲ, ಎಲೆಅಡಿಕೆ ಕೂಡ ಹಬ್ಬಕ್ಕೆ ಮಾತ್ರ.

ಅವನಿದ್ದ ಫ್ಯಾಕ್ಟರಿಯಲ್ಲಿ ಸಣ್ಣ ಸಣ್ಣ ಕಬ್ಬಿಣದ ಸಾಮಾನುಗಳ ಚೂಪು ಅಂಚು ಹೋಗಲೆಂದು ಅವನ್ನು ಒಂದು ದೊಡ್ಡ ಡ್ರಮ್ಮಿಗೆ ಹಾಕಿ, ಜೊತೆಗೆ ಕಲ್ಲುಚೂರು, ನೀರು ಸುರಿದು, ಗಂಟೆಗಟ್ಟಲೆ ತಿರುಗಿಸುತ್ತಿದ್ದರಂತೆ. ಆಮೇಲೆ ಸಾಮಾನು ಎತ್ತಿಕೊಂಡು ಕಲ್ಲುಚೂರನ್ನು ಹಿತ್ತಲಿಗೆ ಎಸೆಯುತ್ತಿದ್ದರು. ಅಷ್ಟು ಜನ ಕೆಲಸ ಮಾಡುವ ಜಾಗದಲ್ಲಿ ಎಲ್ಲರೂ ನೋಡಿದ್ದು ಕಬ್ಬಿಣವನ್ನು. ನಮ್ಮಣ್ಣ ನೋಡಿದ್ದು ಎಸೆದ ಕಲ್ಲನ್ನು. ಒಂದು ಸಂಜೆ ಬುತ್ತಿ ಡಬ್ಬಿಯ ತುಂಬ ಅವನ್ನು ತಂದು ನನ್ನ ಮಡಿಲಿಗೆ ಸುರಿದ. ಒಂದಕ್ಕೂ ಮೂಲೆಯಿರಲಿಲ್ಲ, ನೇರಳೆಹಣ್ಣಿನ ಹಾಗೆ ನುಣ್ಣಗಿದ್ದವು. "ಯಾರೂ ಕೆತ್ತಲಿಲ್ಲ ಕಣಮ್ಮಿ. ಒಂದಕ್ಕೊಂದು ಉಜ್ಜಾಡ್ಕಂಡು ಇವೇ ಹಿಂಗಾಗವೆ" ಅಂದ. ಆ ಮುಖ ನೋಡಬೇಕಿತ್ತು ನೀವು, ಗುಪ್ತನಿಧಿ ಸಿಕ್ಕಿದವನ ಮುಖ!

ಆಮೇಲೆ ಸುಮ್ಮನಿರುತ್ತಾನೆಯೇ? ಬೆಂಗಳೂರಿನ ಗುಜರಿಯಲ್ಲಿ ಒಂದು ಹಳೇ ಮೋಟಾರು ಹುಡುಕಿದ. ಎರಡು ಕಬ್ಬಿಣದ ಪೈಪು, ಸವೆದ ಬೇರಿಂಗು, ಒಂದು ಬೆಲ್ಟು. ಗ್ರೀಸಿನ ಡ್ರಮ್ಮು ತೊಳೆದು ಒಳಗೆ ಲಾರಿ ಟ್ಯೂಬಿನ ರಬ್ಬರು ಅಂಟಿಸಿದ. ಸೌದೆ ಮನೆಯಲ್ಲಿ ಅದನ್ನು ಪೈಪುಗಳ ಮೇಲೆ ಮಲಗಿಸಿ ಸ್ವಿಚ್ಚು ಹಾಕಿದಾಗ ಗರಗರ ಎಂದು ತಿರುಗಿತು. ಎಮ್ಮೆ ಹಗ್ಗ ಕಿತ್ತುಕೊಂಡು ಓಡಿತು. ಅವ್ವ ಎಮ್ಮೆಯ ಹಿಂದೆ ಓಡಿದಳು.

ಅದಕ್ಕೆ ಬೇಕಾದ ತಾಳ್ಮೆಯನ್ನು ನೆನೆದರೆ ನನಗೆ ಇವತ್ತಿಗೂ ಕೈ ಮುಗಿಯಬೇಕು ಅನ್ನಿಸುತ್ತದೆ. ಮೊದಲ ವಾರ ಸಾಣೆ ಹಿಡಿಯಲು ಬಳಸುವ ದಪ್ಪ ಕಾರ್ಬೊರಂಡಂ ಪುಡಿ. ಆಮೇಲೆ ತೆಗೆದು, ಒಂದು ಕಣವೂ ಉಳಿಯದಂತೆ ತೊಳೆದು, ಅದಕ್ಕಿಂತ ಸಣ್ಣ ಪುಡಿ. ಮತ್ತೆ ತೊಳೆದು, ಮೈದಾಹಿಟ್ಟಿನಷ್ಟು ನುಣುಪಾದದ್ದು. ಕೊನೆಗೆ, ಕನ್ನಡಕದ ಗಾಜು ತೀಡುವವರ ಹತ್ತಿರ ಕಾಡಿ ಬೇಡಿ ತಂದ ಕೆಂಪು ಪುಡಿ. ಅದೂ ಮುಗಿದ ಮೇಲೆ ಒಂದು ದಿನ ಬರೀ ಸೋಪಿನ ಪುಡಿ ಹಾಕಿ ತಿರುಗಿಸಿ ತೊಳೆದರೆ ಆಯಿತು. ಹೆಚ್ಚು ಕಡಿಮೆ ಒಂದು ತಿಂಗಳು. ಹಿಂದಿನ ವಾರದ ದಪ್ಪ ಪುಡಿಯ ಒಂದೇ ಕಣ ಉಳಿದರೂ ಅಷ್ಟೂ ಕಲ್ಲಿಗೆ ಗೀರು ಬೀಳುತ್ತದೆ. ಒಂದು ಸಲ ನನ್ನ ಅವಸರದ ತೊಳೆತದಿಂದ ಹಾಗೇ ಆಯಿತು. ಬೈಯಲಿಲ್ಲ. "ಸರಿ, ಮೊದಲಿಂದ ಸುರು ಮಾಡಾನ" ಎಂದು ದಪ್ಪ ಪುಡಿಯ ಡಬ್ಬಿ ತೆರೆದ. ನನ್ನಂಥ ಬಾಯಿಬಡುಕಿಗೆ ಇಂಥ ಅಣ್ಣ ಹೇಗೆ ಸಿಕ್ಕಿದನೋ ಗೊತ್ತಿಲ್ಲ.

ಮೊದಲ ಡ್ರಮ್ಮಿನ ಕಲ್ಲುಗಳನ್ನು ಹಿತ್ತಾಳೆ ತಟ್ಟೆಯಲ್ಲಿ ಹರಡಿದ ದಿನ ನಾವು ಮೂವರೂ ತಟ್ಟೆಯ ಸುತ್ತ ಬಗ್ಗಿ ಕೂತೆವು. ಹೊಲದಲ್ಲಿ ಕಾಲಿಗೆ ಚುಚ್ಚಿದರೆ ಶಾಪ ಹಾಕುತ್ತಿದ್ದ ಅದೇ ಬೆಣಚುಕಲ್ಲು ಎಳನೀರಿನ ಗಂಜಿಯ ಹಾಗೆ ಒಳಗಿನವರೆಗೂ ಬೆಳಕು ಬಿಡುತ್ತಿತ್ತು. ನಮ್ಮ ಬಾವಿ ತೋಡಿದಾಗ ಬಂದ ಬಂಡೆಯ ಚೂರಿನಲ್ಲಿ ಗುಲಾಬಿ, ಹಸಿರು ಎರಡೂ ಇದ್ದವು. ಅಷ್ಟು ವರ್ಷ ಅದರ ಮೇಲೆ ಬಟ್ಟೆ ಒಗೆದಿದ್ದೆ, ಒಂದು ದಿನವೂ ನನಗೆ ಕಂಡಿರಲಿಲ್ಲ. ಫ್ಯಾಕ್ಟರಿಯ ಆಫೀಸರುಗಳು ಕೇಳಿ ತೆಗೆದುಕೊಂಡು ಹೋಗಿ ಮೇಜಿನ ಮೇಲೆ ಇಟ್ಟುಕೊಂಡರು. ಅಣ್ಣ ಯಾರಿಗೂ ಇಲ್ಲ ಅನ್ನುತ್ತಿರಲಿಲ್ಲ.

ಹೀಗಿರುವಾಗ ನನಗೊಂದು ಸಂಬಂಧ ಬಂತು. ಎಂಬತ್ತನೇ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ಆಂಧ್ರದ ಗಡಿಗೆ ಹತ್ತಿರದ ವೇಪನಪಲ್ಲಿ ಕಡೆಯವರು, ನಮ್ಮ ಜನವೇ, ಮನೆಮಾತು ಮಾತ್ರ ತೆಲುಗು. ಅವ್ವನ ತಮ್ಮ, ನನ್ನ ಸೋದರಮಾವ, ತಂದ ಸಂಬಂಧ. ಹುಡುಗ ಮತ್ತು ಅವನ ತಾಯಿ ನನ್ನನ್ನು ನೋಡಲು ಬಂದ ದಿನ ಅಣ್ಣನಿಗೆ ರಜೆ ಸಿಗದೆ ಫ್ಯಾಕ್ಟರಿಯಲ್ಲಿದ್ದ. ಡ್ರಮ್ಮು ಮಾತ್ರ ಮನೆಯಲ್ಲೇ ತಿರುಗುತ್ತಿತ್ತು. ನಾನು ಒಳಗೆ ಕಾಫಿ ಬಸಿಯುತ್ತಾ ಕಿಟಕಿಯಿಂದ ನೋಡಿದೆ. ಕರು ಹಗ್ಗ ಬಿಚ್ಚಿಕೊಂಡು ಅಂಗಳಕ್ಕೆ ಬಂದಿತ್ತು. ಹೊಸ ಅಂಗಿಯ ಹುಡುಗ ಯಾರೂ ಹೇಳದೆಯೇ ಎದ್ದು, ಅದರ ಕುತ್ತಿಗೆ ತುರಿಸಿ, ನಡೆಸಿಕೊಂಡು ಹೋಗಿ ಗೂಟಕ್ಕೆ ಕಟ್ಟಿ ಬಂದು ಕೂತ. ನನಗೆ ಅಷ್ಟು ಸಾಕಾಯಿತು. ಇವನೇ ಆಗಲಿ ದೇವರೇ ಅಂದುಕೊಂಡೆ. ಹೇಳಿಕೊಳ್ಳಲು ಈಗೇನು ನಾಚಿಕೆ!

ಕಾಫಿ ತಂದುಕೊಡುವಷ್ಟರಲ್ಲಿ ಏನೋ ಕೆಟ್ಟಿತ್ತು. ಹುಡುಗನ ತಾಯಿ ಲೋಟ ಮುಟ್ಟಲಿಲ್ಲ. ಬಸ್ಸಿಗೆ ಹೊತ್ತಾಯಿತು ಎಂದು ಎದ್ದೇಬಿಟ್ಟರು.

ನಾಲ್ಕು ದಿನ ಬಿಟ್ಟು ಮಾವ ಬಂದ. ಚಪ್ಪಲಿ ಬಿಡುವ ಮೊದಲೇ ಕೂಗಾಡಿದ. "ಅಕ್ಕಾ, ಮನೇಲಿ ಹೆಂಡ ಮಾಡೋರ ಹೆಣ್ಣು ನಮಗೆ ಬ್ಯಾಡ ಅಂದ್ಬುಟ್ರು. ನೀನೇ ಬಾಯ್ಬುಟ್ಟು ಹೇಳ್ದ್ಯಂತಲ್ಲ!"

"ನಾನಾ? ಹೆಂಡ ಅಂತ ನನ್ನ ಬಾಯಲ್ಲಿ ಬಂದಿದ್ರೆ ನಾಲಗೆ ಸೇದೋಗ್ಲಿ! ಅದೇನು ಸದ್ದು ಅಂದ್ರು, ಹೇಳ್ದೆ ಅಷ್ಟೇಯ."

"ಏನಂತ ಹೇಳ್ದೆ?"

ಅವ್ವನಿಗೆ ಗೊತ್ತಿದ್ದದ್ದು ಸಂತೆ ತೆಲುಗು. ಟೊಮೇಟೊ ಮಾರುವಷ್ಟು, ಚೌಕಾಸಿ ಮಾಡುವಷ್ಟು. ಅದರಲ್ಲಿ ಅವಳಿಗೆ ಭಾರಿ ಹೆಮ್ಮೆ. ಬೀಗರಾಗುವವರ ಮುಂದೆ ಅವರ ಮಾತಲ್ಲೇ ಮಾತಾಡೋಣವೆಂದು ಆಡಿದ್ದನ್ನು ಇನ್ನೊಮ್ಮೆ ಆಡಿ ತೋರಿಸಿದಳು: "ಮಾ ಪಿಲ್ಲೋಡು ಡ್ರಮ್ಮುಲೋ ಕಲ್ಲು ಪೆಟ್ಟಿನಾಡು. ನೆಲ ದಿನಾಲು ತಿರಗಾಲ. ಅಪ್ಪುಡೇ ಬಾಗುಂಟಾದಿ." ನಮ್ಮ ಹುಡುಗ ಡ್ರಮ್ಮಲ್ಲಿ ಕಲ್ಲು ಇಟ್ಟಿದ್ದಾನೆ, ಒಂದು ತಿಂಗಳು ತಿರುಗಬೇಕು, ಆಗಲೇ ಚೆನ್ನಾಗಿರೋದು ಅಂತ. ಸಾಲದೆಂದು, ಫ್ಯಾಕ್ಟರಿ ಆಫೀಸರುಗಳೂ ಕೇಳಿ ಕೇಳಿ ತಗೊಂಡು ಹೋಗುತ್ತಾರೆ ಎಂದೂ ಸೇರಿಸಿದ್ದಳಂತೆ.

ಮಾವ ತಲೆಯ ಮೇಲೆ ಕೈ ಹೊತ್ತು ಜಗಲಿಯಲ್ಲಿ ಕುಸಿದ. "ಅಯ್ಯೋ ನಮ್ಮಕ್ಕಾ! ಕಲ್ಲಿಗೆ ಅವರು ರಾಯಿ ಅಂತಾರೆ. ತೆಲುಗಲ್ಲಿ ಕಲ್ಲು ಅಂದ್ರೆ ಹೆಂಡ ಕಣೆ, ಹೆಂಡ!"

"ರಾಯಿ ಅನ್ನೋದು ಬಾಯಿಗೇ ಬರ್ಲಿಲ್ವಲ್ಲೋ" ಎಂದು ಅವ್ವ ಅಳತೊಡಗಿದಳು.

ಬೇರೆ ಮನೆಯಾಗಿದ್ದರೆ ನಕ್ಕು ಮುಗಿಸಬಹುದಿತ್ತು. ಆದರೆ ಆ ಹುಡುಗನ ತಂದೆ ಕುಡಿದು ಕುಡಿದೇ ಸತ್ತವರು. ಆ ಮನೆಯಲ್ಲಿ ಹೆಂಡದ ಹೆಸರೆತ್ತುವ ಹಾಗಿರಲಿಲ್ಲ. ಮಾವ ಮತ್ತೆ ಹೋಗಿ, ಅದು ಹೆಂಡವಲ್ಲ ರಾಯಿ ಎಂದು ಆಣೆ ಇಟ್ಟ. ಯಾರಾದರೂ ತಿಂಗಳುಗಟ್ಟಲೆ ಕಲ್ಲು ತಿರುಗಿಸುತ್ತಾರೆಯೇ, ನಮ್ಮ ಕಿವಿ ಮೇಲೆ ಹೂವು ಇಡಬೇಡಿ ಎಂದು ಕಳಿಸಿದರು. ಅವರದೇನು ತಪ್ಪು? ನಮ್ಮೂರಿನವರಿಗೇ ಅದು ನಂಬುವ ಮಾತಾಗಿರಲಿಲ್ಲ.

ಆ ಸುದ್ದಿ ಬಂದ ಸಂಜೆ ಅಣ್ಣ ಶಿಫ್ಟು ಮುಗಿಸಿ ಬಂದು ಕೈಕಾಲು ತೊಳೆಯುವುದಕ್ಕೂ ಬಿಡದೆ ನಾನು ಅವನ ಮೇಲೆ ಎಗರಿದೆ. "ಕಲ್ಲು ಕಲ್ಲು ಅಂತ ನನ್ನ ಮದುವೆಗೇ ಕಲ್ಲು ಹಾಕ್ಬುಟ್ಟೆಯಲ್ಲಣ್ಣ! ನೆಕ್ಕು, ಇನ್ನೂ ನೆಕ್ಕು!" ಅಂದೆ. ಇನ್ನೂ ಏನೇನೋ ಅಂದೆ. ಅವನು ಸೌದೆ ಮನೆಗೆ ಹೋಗಿ ಸ್ವಿಚ್ಚು ಆರಿಸಿ, ಬೆಲ್ಟು ಕಳಚಿ ಮೊಳೆಗೆ ನೇತುಹಾಕಿದ. ಕೆಂಪು ಪುಡಿಯ ವಾರ ನಡೆಯುತ್ತಿತ್ತು, ಇನ್ನು ಮೂರೇ ದಿನ ಉಳಿದಿತ್ತು. "ಇದು ಬ್ಯಾಡ ಬುಡಮ್ಮಿ. ಭಾನುವಾರ ಎತ್ತಿ ಹಾಳುಬಾವಿಗೆ ಹಾಕ್ಬುಡ್ತೀನಿ. ನಿನಗಿಂತ ಹೆಚ್ಚಾ ನನಗೆ?" ಅಂದ.

ಗರಗರ ನಿಂತು ಮನೆ ಬಿಕೋ ಅನ್ನತೊಡಗಿತು. ಅವನು ಮುದ್ದೆ ಮುರಿಯುತ್ತಾ ಕೂತಿದ್ದ, ಬಾಯಿಗೆ ಹೋಗುತ್ತಿರಲಿಲ್ಲ. ನನಗಾಗಿ ಅವನು ಓದು ಬಿಟ್ಟಿದ್ದ. ಮೊದಲು ನನ್ನದಾಗಲಿ ಎಂದು ತನ್ನ ಮದುವೆಯನ್ನೂ ಮುಂದಕ್ಕೆ ತಳ್ಳುತ್ತಲೇ ಬಂದಿದ್ದ. ತನಗೆಂದು ಇಟ್ಟುಕೊಂಡಿದ್ದು ಇದೊಂದೇ. ಅದನ್ನೂ ಮೊಳೆಗೆ ನೇತುಹಾಕಿಸಿದ್ದೆ ನಾನು. ಹುಡುಗ ಕರು ಕಟ್ಟಿದ್ದು ಕಣ್ಣ ಮುಂದೆ ಬಂತು. ಆದರೂ ಎದ್ದೆ. ಸೌದೆ ಮನೆಗೆ ಹೋಗಿ ನಾನೇ ಬೆಲ್ಟು ಏರಿಸಿ ಸ್ವಿಚ್ಚು ಹಾಕಿದೆ.

"ಬ್ಯಾಡ ಅಂದೋರಿಗೆ ಬ್ಯಾಡ. ಇದು ಬಾವಿಗೆ ಬಿದ್ರೆ ಹಿಂದೇನೇ ನಾನೂ ಬೀಳ್ತೀನಿ, ನೋಡ್ಕ" ಅಂದೆ. ಅಣ್ಣ ತಟ್ಟೆಯ ಮುಂದಿನಿಂದ ನನ್ನನ್ನೇ ನೋಡುತ್ತಿದ್ದ. ಆಮೇಲೆ ಇನ್ನೊಂದು ಮುದ್ದೆ ಹಾಕಿಸಿಕೊಂಡ.

ಭಾನುವಾರ ಕಲ್ಲುಗಳನ್ನು ತೊಳೆದು ಸೋಪಿನ ಪುಡಿ ಹಾಕಿ ತಿರುಗಲು ಬಿಟ್ಟಿದ್ದೆವು. ಸಂಜೆ ನಾಲ್ಕರ ಹೊತ್ತು. ಅಂಗಳದಲ್ಲಿ ನೆರಳು ಬಿತ್ತು, ತಲೆಯೆತ್ತಿದರೆ ಹುಡುಗ ಮತ್ತು ಅವನ ತಾಯಿ. ಹೇಳಿ ಕಳಿಸಿರಲಿಲ್ಲ, ಏನಿಲ್ಲ. "ಬೇಡ ಅನ್ನುವುದಾದರೆ ಕಣ್ಣಾರೆ ನೋಡಿ ಬೇಡ ಅನ್ನು" ಎಂದು ಮಗ ಒಂದೇ ಹಟ ಹಿಡಿದು ಕರೆತಂದಿದ್ದನೆಂದು ಆಮೇಲೆ ಗೊತ್ತಾಯಿತು. ಆ ತಾಯಿ ಕೂರಲಿಲ್ಲ, ನೀರು ಕುಡಿಯಲಿಲ್ಲ. ಸದ್ದು ಬರುವ ಕಡೆ ಬೆರಳು ತೋರಿಸಿ, ತೆರೆಯಿರಿ ಅಂದರು.

ಅಣ್ಣ ಮೋಟಾರು ನಿಲ್ಲಿಸಿ, ಡ್ರಮ್ಮು ನೇರ ಮಾಡಿ, ಮುಚ್ಚಳದ ನಟ್ಟು ಸಡಿಲಿಸಿದ. ಏನು ಹೇಳಲಿ ನಮ್ಮ ಗ್ರಹಚಾರ! ದಿನವೆಲ್ಲ ಸೌದೆ ಮನೆಯ ತಗಡಿನಡಿ ಕಾದಿದ್ದ ಡ್ರಮ್ಮು ಬುಸ್ಸ್ ಎಂದು ಉಸಿರು ಬಿಟ್ಟಿತು. ಬೆಳ್ಳನೆಯ ನೊರೆ ಮುಚ್ಚಳ ಎತ್ತಿಕೊಂಡು ಉಕ್ಕಿ ನೆಲಕ್ಕೆ ಹರಿಯಿತು. ಹೆಂಡದ ಮಡಕೆಯೂ ಅಷ್ಟು ಚೆನ್ನಾಗಿ ನೊರೆಯುತ್ತಿರಲಿಲ್ಲ. "ಶಿವನೇ" ಎಂದು ಅವ್ವ ಕಣ್ಣು ಮುಚ್ಚಿದಳು. ಹುಡುಗನ ತಾಯಿ ಸೆರಗನ್ನು ಮೂಗಿಗೆ ಒತ್ತಿಕೊಂಡು ಹಿಂದೆ ಸರಿದರು. ಮಗನ ಕಡೆ ತಿರುಗಿ, "ಚೂಸಿನಾವಾ?" ಅಂದರು. ನೋಡಿದೆಯಾ ಅಂತ. ಆ ಮುಖದಲ್ಲಿ ಸಿಟ್ಟಿರಲಿಲ್ಲ, ಹಳೆಯ ಭಯವಿತ್ತು.

ಹೆಣ್ಣು ನೋಡಲು ಬಂದವರ ಮುಂದೆ ತಲೆ ತಗ್ಗಿಸಿ ನಿಲ್ಲಬೇಕಾದವಳು ನಾನು. ನನ್ನಿಂದಾಗಲಿಲ್ಲ. ಮೊಣಕೈವರೆಗೆ ನೊರೆಯೊಳಗೆ ಕೈ ತೂರಿಸಿ, ಒಂದು ಹಿಡಿ ಬಾಚಿ, ಹುಡುಗನ ತಾಯಿಯ ಬಲಗೈ ಹಿಡಿದೆಳೆದು ಅದರೊಳಗೆ ಇಟ್ಟೆ. "ಮೂಸಿ ನೋಡಿ, ಆಮೇಲೆ ಹೋಗಿ" ಅಂದೆ. ನನ್ನ ಧ್ವನಿ ನನಗೇ ಜೋರಾಗಿ ಕೇಳಿಸಿತು.

ನೊರೆ ಬೆರಳ ಸಂದಿಯಿಂದ ಇಳಿದುಹೋಯಿತು. ಅಂಗೈಯಲ್ಲಿ ಉಳಿದಿದ್ದು ಐದಾರು ಕಲ್ಲು. ಬಾಗಿಲಿಂದ ಇಳಿಬಿಸಿಲು ಅವುಗಳ ಮೇಲೆ ಬಿತ್ತು. ನಮ್ಮ ಬಾವಿಯ ಆ ಗುಲಾಬಿ ಹಸಿರಿನದೂ ಒಂದಿತ್ತು. ಅವರು ಮೊದಲು ಮೂಸಿದರು. ಸಾಲದೆ, ಆ ಕಲ್ಲನ್ನೆತ್ತಿ ನಾಲಿಗೆಯ ತುದಿಗೆ ತಾಗಿಸಿದರು, ಥೇಟು ನಮ್ಮಣ್ಣನ ಹಾಗೆ! ಅವ್ವ ಹೌಹಾರಿದಳು.

"ಥೂ, ಸಬ್ಬು!" ಎಂದು ಉಗಿದರು. ಸಬ್ಬು ಅಂದರೆ ಸೋಪು. ಹುಡುಗ ನಕ್ಕುಬಿಟ್ಟ, ಅವನ ಹಿಂದೆ ನಾವೆಲ್ಲ. ಅವರಿಗೂ ನಗು ಬಂತು. ಬಂದ ನಗು ಅರ್ಧದಲ್ಲೇ ನಿಂತಿತು.

ಜಗಲಿಯಲ್ಲಿ ಕೂತು ಆ ಕಲ್ಲನ್ನು ಸೆರಗಿನಲ್ಲಿ ಒರೆಸಿದರು, ತಿರುಗಿಸಿದರು, ಮತ್ತೆ ಒರೆಸಿದರು. ಎಷ್ಟು ದಿನ ಹಿಡಿಯಿತು ಎಂದು ಅಣ್ಣನನ್ನು ಕೇಳಿದರು. ತಿಂಗಳಾಯಿತು ಅಂದ. ತಿಂಗಳಿಡೀ ಸಂಜೆಯಾದರೆ ಮನೆಗೇ ಬರುತ್ತೀಯಾ, ಇದನ್ನು ನೋಡುವುದಕ್ಕೆ ಎಂದು ಕೇಳಿದರು. ಇನ್ನೆಲ್ಲಿಗೆ ಹೋಗಲಿ, ಇದನ್ನು ಬಿಟ್ಟು ಅಂದ ಅಣ್ಣ.

ಅವರು ಕಲ್ಲನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡರು. "ಮಾ ಇಂಟಾಯನಕಿ ಈ ಕಲ್ಲು ಪಿಚ್ಚಿ ಪಟ್ಟಿಂಟೇ ಬತಿಕುಂಡು ನಾಯನಾ" ಅಂದರು. ನಮ್ಮ ಮನೆಯವರಿಗೆ ಈ ಕಲ್ಲಿನ ಹುಚ್ಚು ಹಿಡಿದಿದ್ದರೆ ಬದುಕಿರುತ್ತಿದ್ದರು, ಮಗಾ.

ಮುಚ್ಚಳ ಕೈಯಲ್ಲಿ ಹಿಡಿದುಕೊಂಡೇ ನಮ್ಮಣ್ಣ ಅತ್ತ. ಅಪ್ಪ ಸತ್ತಾಗಲೂ ಅವನು ಅತ್ತಿದ್ದನ್ನು ನಾನು ಕಂಡಿರಲಿಲ್ಲ. ನಾನು ಒಳಗೆ ಹೋಗಿ ಒಲೆ ಹೊತ್ತಿಸಿ ಕಾಫಿಗೆ ನೀರಿಟ್ಟೆ. ಅವತ್ತು ನಮ್ಮತ್ತೆ ರಾಯಿ ಅನ್ನಲಿಲ್ಲ, ಕಲ್ಲು ಅಂದರು.