ಜಗಲಿಯೆತ್ತರದ ವ್ಯಾನು

“ಕಾಮಸಮುದ್ರದ ಮುನಿವೆಂಕಟಪ್ಪನೋರು ವ್ಯಾನನ್ನ ಎತ್ತು ನೋಡಿದಂಗೆ ನೋಡಿ ಆರಿಸಿದ್ರಂತೆ. ಹಲ್ಲೊಂದು ಬಿಟ್ಟು ಎಲ್ಲಾ ನೋಡಿದ್ರಂತೆ.”

ಹೋದ ತಿಂಗಳು ಬಂಗಾರಪೇಟೆಯ ಮದುವೆಯೊಂದರ ಊಟದ ಪಂಕ್ತಿಯಲ್ಲಿ, ಬೀಗರ ಕಡೆಯ ಗೃಹಸ್ಥರೊಬ್ಬರು ಈ ಮಾತನ್ನು ಹೇಳಿದರು. ಅಕ್ಕಪಕ್ಕದವರು ನಕ್ಕರು. ನಾನು ಕೈಯಲ್ಲಿದ್ದ ಒಬ್ಬಟ್ಟನ್ನು ಎಲೆಗೆ ಇಳಿಸಿದೆ. ನನ್ನನ್ನು ಬಲ್ಲವರು ಆಗಲೇ ಬೇರೆ ಕಡೆ ನೋಡತೊಡಗಿದ್ದರು.

ಹತ್ತು ಜನ ಒಂದು ಸಂಗತಿಯನ್ನು ಒಂದೇ ರೀತಿಯಲ್ಲಿ ಹೇಳಿದರೆ, ಅವರಲ್ಲಿ ಒಂಬತ್ತು ಜನ ಅದನ್ನು ನೋಡಿಲ್ಲವೆಂದು ನಾನು ತಿಳಿಯುತ್ತೇನೆ. ನನ್ನ ಶಾಲೆ ಏಳನೆಯ ತರಗತಿಗೆ ಮುಗಿಯಿತು. ಉಳಿದದ್ದನ್ನು ರಾಬರ್ಟ್‌ಸನ್‌ಪೇಟೆಯ ಗ್ರಂಥಾಲಯವೂ ಸಮಯಕ್ಕೆ ಬಾರದ ರೈಲುಗಳೂ ಕಲಿಸಿದವು. ಚಿನ್ನದ ಗಣಿಯ ಸುರಂಗವೊಂದು ಬಂಗಾರಪೇಟೆ ನಿಲ್ದಾಣದ ಅಡಿಯವರೆಗೂ ಬಂದಿದೆಯೆಂದು ನಮ್ಮ ಕಡೆ ಹೇಳುತ್ತಿದ್ದರು. ಪ್ಲಾಟ್‌ಫಾರಂ ಮೇಲೆ ಬೇಕಾದಷ್ಟು ಹೊತ್ತು ಕಿವಿಗೊಟ್ಟು ಕೇಳಿದ್ದೇನೆ. ನನಗೆ ಕೇಳಿಸಿದ್ದು ರೈಲು ಮಾತ್ರ.

ವ್ಯಾನಿನ ವಿಷಯದಲ್ಲಿ ಆ ಹತ್ತನೆಯವನು ನಾನೇ. ಮುನಿವೆಂಕಟಪ್ಪನವರು ನನ್ನ ಭಾವ, ನಾರಾಯಣಮ್ಮಕ್ಕನ ಗಂಡ. ವ್ಯಾನು ಬಂದ ದಿನ ನಾನು ಅವರ ಮನೆಯಲ್ಲಿದ್ದೆ. ಇದ್ದುದಷ್ಟೇ ಅಲ್ಲ, ಸಲಹೆಯನ್ನೂ ಕೊಟ್ಟೆ. ಆ ಸಲಹೆಯನ್ನು ಯಾರೂ ನೆನಪಿಟ್ಟುಕೊಂಡಿಲ್ಲ. ಅದರ ಬಗ್ಗೆ ನನಗೆ ದೂರಿಲ್ಲ.

ಅಕ್ಕ ಬಾವಿಯ ಮೆಟ್ಟಿಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದಳು. ಮೂಳೆ ಕೂಡಿತು, ಆದರೆ ತನಗೆ ಬೇಕಾದ ಹಾಗೆ ಕೂಡಿತು. ಬಲಗಾಲು ಒಂದು ಗೇಣಿಗಿಂತ ಮೇಲೆ ಏಳುತ್ತಿರಲಿಲ್ಲ. ಕೋಲು ಹಿಡಿದು ಹಿತ್ತಿಲಿಗೂ ಕೊಟ್ಟಿಗೆಗೂ ನಡೆಯುತ್ತಿದ್ದಳು. ಬಸ್ಸಿನ ಮೆಟ್ಟಿಲು ಮಾತ್ರ ಅವಳಿಗೆ ಬೆಟ್ಟವಾಯಿತು. ಒಮ್ಮೆ ಕಾಮಸಮುದ್ರದ ಬಸ್ ನಿಲ್ದಾಣದಲ್ಲಿ ಕಂಡಕ್ಟರನೂ ಮೂವರು ಪ್ರಯಾಣಿಕರೂ ಸೇರಿ, ಒಳ್ಳೆಯ ಮನಸ್ಸಿನಿಂದಲೇ, ಅವಳನ್ನು ರಾಗಿ ಮೂಟೆಯಂತೆ ಎತ್ತಿ ಒಳಗಿಟ್ಟರು. ಆ ಸಂಜೆ ಮನೆಗೆ ಬಂದವಳೇ ಹೇಳಿದಳು:

“ನನ್ನ ಎತ್ತಾಕೆ ನಾಕು ಜನ ಬರೋ ದಿನ ಒಂದು ಬಂದೇ ಬತ್ತದೆ. ಅಲ್ಲೀಗಂಟ ನಾನೇ ಅತ್ತೀನಿ. ಅತ್ತಾಕಾಗ್ದಿದ್ರೆ ಓಗಲ್ಲ.”

ಹೋಗಲಿಲ್ಲ. ನೆಂಟರ ಮದುವೆಗಳು ಅವಳಿಲ್ಲದೆ ನಡೆದವು. ಇದರ ನಡುವೆ ಬಂಗಾರಪೇಟೆಗೆ ಕೊಟ್ಟಿದ್ದ ಅವಳ ಮಗಳು ಎರಡನೆಯ ಸಲ ಬಸುರಿಯಾದಳು. ಮೊದಲನೆಯದು ತವರಿನಲ್ಲಿ ಆಗಿತ್ತು. ಎರಡನೆಯದು ಅತ್ತೆಮನೆಯಲ್ಲಿ, ಅತ್ತೆಯೇ ಇಲ್ಲದ ಮನೆಯಲ್ಲಿ. ಬಾಣಂತಿಗೆ ನೀರೆರೆಯುವವರು ಯಾರು ಎಂಬ ಪ್ರಶ್ನೆಯನ್ನು ಅಕ್ಕ ಯಾರನ್ನೂ ಕೇಳಲಿಲ್ಲ. ಎಣ್ಣೆ, ಸೀಗೆಪುಡಿ, ಹಳೆಯ ಮೆತ್ತನೆಯ ಸೀರೆಗಳನ್ನು ಒಂದು ಗಂಟು ಕಟ್ಟಿ ಬಾಗಿಲ ಹಿಂದೆ ಇಟ್ಟಳು. ಮನೆಯವರೆಲ್ಲ ದಿನವೂ ಆ ಗಂಟನ್ನು ದಾಟಿಕೊಂಡು ಓಡಾಡಿದರು.

ಭಾವ ಎರಡು ಸೀಮೆಹಸು ಮಾರಿ, ಯಾರೋ ಬಳಸಿ ಬಿಟ್ಟ ವ್ಯಾನೊಂದನ್ನು ಕೊಳ್ಳುವುದೆಂದು ತೀರ್ಮಾನಿಸಿದರು. ತೊಂಬತ್ತರ ದಶಕದ ಮೊದಲ ವರ್ಷಗಳವು. ಹಳೆಯ ವ್ಯಾನುಗಳು ನಮ್ಮಂಥವರ ಕೈಗೆಟುಕತೊಡಗಿದ್ದವು. ಡೇರಿಗೆ ಹಾಲಿನ ಕ್ಯಾನು, ಹಸುಗಳಿಗೆ ಹುಲ್ಲು, ಊರೂರಿಗೆ ಮನೆಮಂದಿ, ಮೂರನ್ನೂ ಅದು ಹೊರಬೇಕಿತ್ತು, ನಡುದಾರಿಯಲ್ಲಿ ಮಲಗಬಾರದಿತ್ತು. ಅಕ್ಕನ ಹೆಸರನ್ನು ಯಾರೂ ಎತ್ತಲಿಲ್ಲ. ಅವಳಿಗೋಸ್ಕರ ಎಂದರೆ ಅವಳು ಬೇಡವೆನ್ನುತ್ತಾಳೆಂಬ ಅಂಜಿಕೆಯಿತ್ತು.

ಎತ್ತು ಕೊಳ್ಳುವುದರಲ್ಲಿ ಭಾವನನ್ನು ಮೀರಿಸುವವರು ಆ ಹೋಬಳಿಯಲ್ಲಿರಲಿಲ್ಲ. ಎತ್ತನ್ನು ಮಾರುವವನ ಕೊಟ್ಟಿಗೆಯಲ್ಲಿ ನೋಡಬಾರದು, ನಮ್ಮ ಮನೆಯ ಮುಂದೆ ತಂದು ನಿಲ್ಲಿಸಿ ನೋಡಬೇಕು ಎಂಬುದು ಅವರ ನಿಯಮ. ವ್ಯಾನಿಗೆ ಬೇರೆ ನಿಯಮ ಏಕಿರಬೇಕೆಂದು ಅವರಿಗೆ ತೋಚಲಿಲ್ಲ. ಆದ್ದರಿಂದ ರಾಬರ್ಟ್‌ಸನ್‌ಪೇಟೆಯ ವ್ಯಾನು ದಲ್ಲಾಳಿ ಆರೋಗ್ಯಸ್ವಾಮಿ ಒಂದು ಭಾನುವಾರ ಬೆಳಿಗ್ಗೆ, ತನ್ನ ಭಾಮೈದನಿಗೆ ಒಂದು ಗಾಡಿ ಕೊಟ್ಟು, ತಾನೊಂದನ್ನು ಓಡಿಸಿಕೊಂಡು, ಎರಡು ವ್ಯಾನುಗಳನ್ನು ಮನೆಯ ಮುಂದೆ ತಂದು ನಿಲ್ಲಿಸಿದ. ಒಂದು ದೊಡ್ಡದು, ಡೀಸೆಲ್ಲಿನದು, ಎತ್ತರವಾಗಿ ಎದೆ ಮುಂದೆ ಮಾಡಿ ನಿಂತಿತ್ತು. ಇನ್ನೊಂದು ಚಿಕ್ಕದು, ಪೆಟ್ರೋಲಿನದು, ಸರಿಯುವ ಬಾಗಿಲಿನದು. ಅದರ ಅಂಚುಗಳನ್ನು ತುಕ್ಕು ತಿನ್ನತೊಡಗಿತ್ತು.

ಭಾವ ದೊಡ್ಡದರ ಸುತ್ತ ಮೂರು ಸುತ್ತು ಬಂದರು. ಬೆನ್ನು ತಟ್ಟಿದರು. ಅದು ನಿಂತ ನೆಲ ಬಗ್ಗಿ ನೋಡಿದರು, ಎಣ್ಣೆ ಸೋರಿರಲಿಲ್ಲ. ಖಾಲಿ ನಡೆಸಿ, ಭಾರ ಹೇರಿ ನಡೆಸಿ ನೋಡಿದರು. ಚಿಕ್ಕದರ ಕೆಳಗೆ ಒಂದು ಅಂಗೈಯಗಲ ಕಪ್ಪು ಕಲೆ ಆಗಲೇ ಬಿದ್ದಿತ್ತು. “ಇದು ಗೊಡ್ಡು,” ಎಂದು ಹೇಳಿ ಮತ್ತೆ ಅದರ ಕಡೆ ತಿರುಗಿ ನೋಡಲಿಲ್ಲ. ಎತ್ತು ನೋಡಿದ ಹಾಗೆ ನೋಡಿದರೆಂಬುದು ಇಷ್ಟರ ಮಟ್ಟಿಗೆ ನಿಜ. ಹಾಗೆ ನೋಡಿ ಅವರು ಆರಿಸಿದ್ದು ದೊಡ್ಡದನ್ನು ಎಂಬುದನ್ನು ಕಥೆ ಹೇಳುವವರು ಬಿಡುತ್ತಾರೆ.

“ಏನ್ಲಾ ಬಾಮೈದ, ನಿನ್ ಪುಸ್ತಕ ಏನ್ ಏಳ್ತದೆ?” ಎಂದು ನನ್ನನ್ನು ಕೇಳಿದರು.

ಇಂಜಿನ್ನುಗಳ ಮೇಲಿನ ಒಂದು ಪುಸ್ತಕವನ್ನು ನಿಘಂಟಿನ ಸಹಾಯದಿಂದ ಎರಡು ಸಲ ಓದಿದ್ದೆ. ವಾಹನ ಓಡಿಸಲು ಅಂದೂ ಬರುತ್ತಿರಲಿಲ್ಲ, ಇಂದೂ ಬರುವುದಿಲ್ಲ. ಸೈಲೆನ್ಸರಿನ ಹೊಗೆಯ ಬಣ್ಣವನ್ನು ಪರೀಕ್ಷಿಸಿ, ದೊಡ್ಡದೇ ಭರವಸೆಗೆ ತಕ್ಕದ್ದೆಂದು ಸಾಕಷ್ಟು ದೀರ್ಘವಾಗಿ ತಿಳಿಸಿದೆ. ಆರೋಗ್ಯಸ್ವಾಮಿ ನನ್ನ ಮಾತು ಮುಗಿಯುವವರೆಗೂ ತಲೆಯಾಡಿಸಿ, “ಪಾರುಂಗಣ್ಣಾ, ನೋಡಿ, ಓದಿದೋರು ಓದಿದೋರೇ,” ಎಂದ.

ಆಮೇಲೆ ಭಾವ ಹೆಗಲ ಟವೆಲನ್ನು ಬಲಗೈ ಮೇಲೆ ಹೊದಿಸಿ ಮುಂದೆ ಚಾಚಿದರು. ದನದ ವ್ಯಾಪಾರದಲ್ಲಿ ಬಟ್ಟೆಯ ಮರೆಯಲ್ಲಿ ಬೆರಳು ಹಿಡಿದು ಬೆಲೆ ತಿಳಿಸುವುದು ಪದ್ಧತಿ; ಹಿಡಿದ ಬೆರಳು ಎಷ್ಟೋ ಬೆಲೆ ಅಷ್ಟು. ಆರೋಗ್ಯಸ್ವಾಮಿ ಊರಿಗಾಂನ ಗಣಿ ಕಾರ್ಮಿಕರ ಲೈನು ಮನೆಯಲ್ಲಿ ಹುಟ್ಟಿ ಬೆಳೆದವನು, ಎತ್ತು ಮಾರಿದವನಲ್ಲ. ಟವೆಲ್ಲಿನೊಳಗೆ ಕೈ ತೂರಿಸಿ, ಐದು ಬೆರಳನ್ನೂ ಒಟ್ಟಿಗೆ ಹಿಡಿದು, ಹೃತ್ಪೂರ್ವಕವಾಗಿ ಕುಲುಕಿದ.

ಭಾವ ಕೈ ಕಿತ್ತುಕೊಂಡರು. “ಐದಾ? ಐದು ಕೇಳ್ತಾನೆ ಕಣ್ಲಾ ಇವ್ನು! ಮೇಲೆ ಅಲ್ಲಾಡಿಸಿ ಬೇರೆ ಕೇಳ್ತಾನೆ!”

“ಅಣ್ಣಾ, ನಾನು ಇನ್ನೂ ಏನೂ ಕೇಳೇ ಇಲ್ಲವಲ್ಲಾ,” ಎಂದ ಅವನು.

ಇಬ್ಬರಿಗೂ ಅರ್ಥ ಹೇಳಲು ನಾನು ನಡುವೆ ನುಗ್ಗಿದೆ. ಆದ್ದರಿಂದ ಜಗಳ ಇನ್ನಷ್ಟು ಬೆಳೆಯಿತು. ಈ ಗಲಾಟೆಯಲ್ಲಿ ಅಕ್ಕ ಜಗಲಿಯಿಂದ ಎದ್ದದ್ದನ್ನು ಯಾರೂ ಗಮನಿಸಲಿಲ್ಲ. ನಾನು ಕಂಡದ್ದು ಆಕಸ್ಮಿಕವಾಗಿ, ಭಾವನ ಭುಜದ ಮೇಲಿಂದ. ಕೋಲೂರಿಕೊಂಡು ಮೊದಲು ದೊಡ್ಡ ವ್ಯಾನಿನ ಬಳಿ ಹೋದಳು. ಅದರ ಮೆಟ್ಟಿಲಿಗೆ ಕೋಲನ್ನು ತಾಗಿಸಿ, ಆ ಎತ್ತರವನ್ನು ತನ್ನ ಸೀರೆಯ ಮೇಲೆ ಗುರುತು ಹಿಡಿದು ನೋಡಿದಳು. ಗುರುತು ಮೊಣಕಾಲಿನಿಂದ ಮೇಲೆ ಬಂತು. ನಂತರ ಚಿಕ್ಕದರ ಬಳಿ ಬಂದು, ಬಾಗಿಲು ಸರಿಸಿ, ಅದಕ್ಕೆ ಬೆನ್ನು ತಿರುಗಿಸಿ, ನಮ್ಮ ಹೆಂಗಸರು ಜಗಲಿಯ ಮೇಲೆ ಕೂರುವ ಹಾಗೆ ಹೊಸ್ತಿಲ ಮೇಲೆ ಕುಳಿತಳು. ಅದರ ನೆಲ ಸರಿಯಾಗಿ ನಮ್ಮ ಜಗಲಿಯಷ್ಟೇ ಎತ್ತರವಿತ್ತು. ಎರಡೂ ಕೈಗಳಿಂದ ಬಲಗಾಲನ್ನು, ತುಂಬಿದ ಬಿಂದಿಗೆಯನ್ನು ಎತ್ತಿಡುವ ಹಾಗೆ, ಒಳಗೆ ಎತ್ತಿಟ್ಟುಕೊಂಡಳು. ಬಾಗಿಲು ಎಳೆದುಕೊಂಡಳು.

ಬಾಗಿಲ ಸದ್ದಿಗೆ ಜಗಳ ನಿಂತಿತು.

“ಇಳಿಯೇ,” ಎಂದರು ಭಾವ. “ಅದು ಗೊಡ್ಡು ಅಂದ್ನಲ್ಲ.”

“ಗೊಡ್ಡೋ ಗಬ್ಬವೋ, ನಾನು ಅತ್ತಿದ್ದೀನಿ,” ಎಂದಳು ಅಕ್ಕ ಕಿಟಕಿಯಿಂದ. “ಬಾಗಿಲಿಂದೆ ಗಂಟಿದೆ, ಯಾರಾನ ತಂದ್ಕೊಡಿ.”

ಭಾವ ನೆಲದ ಮೇಲಿನ ಕಪ್ಪು ಕಲೆಯನ್ನು ನೋಡಿದರು, ಕಿಟಕಿಯನ್ನು ನೋಡಿದರು. ಟವೆಲನ್ನು ಕೊಡವಿ ಹೆಗಲಿಗೆ ಹಾಕಿಕೊಂಡರು. ಗಂಟನ್ನು ತಂದದ್ದು ಅವರೇ.

ವ್ಯಾನು ಭಾವ ಹೇಳಿದ ಹಾಗೆಯೇ ಇತ್ತು. ಬಂಗಾರಪೇಟೆಯ ರೈಲ್ವೆ ಗೇಟಿನ ಬಳಿ ಅದು ನಿಂತುಹೋಗುವುದು ವಾಡಿಕೆಯಾಯಿತು. ಗೇಟು ತೆರೆದಿದ್ದರೂ ನಿಲ್ಲುತ್ತಿತ್ತು. ಆದರೆ ಅಕ್ಕ ಹೋದಳು. ಬಾಣಂತನ ಮಾಡಿ ಬಂದಳು, ಆಮೇಲೆ ಮೊಮ್ಮಕ್ಕಳ ಹುಟ್ಟುಹಬ್ಬಕ್ಕೆ, ರಾಬರ್ಟ್‌ಸನ್‌ಪೇಟೆಯ ಸೀರೆ ಅಂಗಡಿಗೆ, ಕಾರಣವಿಲ್ಲದೆಯೂ ಹೋದಳು. ನಡುದಾರಿಯಲ್ಲಿ ನಿಂತಾಗ ಇಳಿಯದೆ ಕಡಲೆಕಾಯಿ ಬಿಡಿಸುತ್ತ ಕೂತಿರುತ್ತಿದ್ದಳು. ನಂಬಿಕೆಗೆ ತಕ್ಕ ವಾಹನ ಎಂಬ ಮಾತಿಗೆ ನನ್ನ ಪುಸ್ತಕದಲ್ಲಿದ್ದ ವಿವರಣೆ ಬೇರೆಯೇ ಆಗಿತ್ತು.

ತಾವು ಆರಿಸಿದ್ದೆಂದು ಭಾವ ಊರಲ್ಲೆಲ್ಲ ಹೇಳಿಕೊಂಡರು. ಇದನ್ನು ತಿದ್ದಬೇಕೆಂದು ನಾನು ಅಕ್ಕನ ಬಳಿ ಪ್ರಸ್ತಾಪಿಸಿದೆ.

“ಏಳ್ಕೊಂಡು ಓಡಾಡ್ಲಿ ಬಿಡಪ್ಪಾ,” ಎಂದಳು. “ನಾನು ಓಡಾಡ್ತಾ ಇದ್ದೀನಲ್ಲ, ಸಾಲ್ದಾ?”

ಭಾವನಿಗೆ ಸಲ್ಲಬೇಕಾದದ್ದನ್ನೂ ಹೇಳಿಬಿಡಬೇಕು. ಆ ವ್ಯಾನಿನ ಬಾಗಿಲ ಪಕ್ಕಕ್ಕೆ ಒಂದು ಕಬ್ಬಿಣದ ಕಂಬಿ ಬೆಸುಗೆ ಹಾಕಿಸಿದವರು ಅವರು. ಅಕ್ಕನನ್ನು ಹೊಸ್ತಿಲ ಮೇಲೆ ಕೂರಿಸಿ, ಕೈ ಚಾಚಲು ಹೇಳಿ, ಅವಳ ಮುಷ್ಟಿ ತಲುಪಿದ ಕಡೆ ತಾಂಬೂಲದ ಸುಣ್ಣದಿಂದ ಗುರುತು ಮಾಡಿದರು. ಇದನ್ನು ಅವರು ಎಲ್ಲಿಯೂ ಹೇಳಿಕೊಳ್ಳಲಿಲ್ಲ.

ಇಬ್ಬರೂ ಈಗಿಲ್ಲ. ಅಕ್ಕನನ್ನು ಎತ್ತಲು ಬಂದ ನಾಲ್ವರಲ್ಲಿ ನಾನೂ ಒಬ್ಬ. ಅವಳು ಬೇಡವೆನ್ನಲಿಲ್ಲ.

ಮದುವೆಯ ಊಟದಲ್ಲಿ ಇಷ್ಟನ್ನೂ ಹೇಳಿದೆ. ಗೃಹಸ್ಥರು ಸಾವಧಾನದಿಂದ ಕೇಳಿ, “ಆದ್ರೂ ಎತ್ತಿನ ಕತೇನೇ ಚೆನ್ನಾಗದೆ,” ಎಂದರು. ನಾನು ಊಟ ಮುಗಿಸಿ ನೇರವಾಗಿ ಕಾಮಸಮುದ್ರದ ಬಸ್ಸು ಹಿಡಿದೆ. ಮೆಟ್ಟಿಲ ಬಳಿ ಯಾರೋ ನನ್ನ ತೋಳಿಗೆ ಕೈ ಹಾಕಿದರು; ಬೇಡವೆಂದೆ, ಬೇಕಾಗಿತ್ತು.

ಆ ವ್ಯಾನಿನ ಚಕ್ರ, ಇಂಜಿನ್ನು ಯಾವುದೂ ಉಳಿದಿಲ್ಲ. ತಗಡಿನ ಮೈಯನ್ನು ಅಕ್ಕನ ಮನೆಯ ಹಿತ್ತಿಲಿನಲ್ಲಿ ಕಲ್ಲುಗಳ ಮೇಲೆ ಏರಿಸಿಟ್ಟಿದ್ದಾರೆ, ಒಳಗೆ ಕೋಳಿಗಳು ಕಾವು ಕೂರುತ್ತವೆ. ಕಂಬಿ ಹಾಗೆಯೇ ಇದೆ. ನಿಂತುಕೊಂಡು ಹತ್ತುವವನಿಗೆ ಅದು ಯಾವ ಉಪಯೋಗಕ್ಕೂ ಬಾರದಷ್ಟು ಕೆಳಗಿದೆ. ಭಾಮೈದನ ಮಾತನ್ನು ಯಾರೂ ನಂಬಲಾರರೆಂದು ಭಾವನೇ ಅಲ್ಲೊಂದು ಸಾಕ್ಷಿ ನೆಟ್ಟುಹೋದಂತಿದೆ. ನಾನು ಬೆನ್ನು ತಿರುಗಿಸಿ ಹೊಸ್ತಿಲ ಮೇಲೆ ಕುಳಿತೆ. ಕೈ ಚಾಚಿದೆ. ಕಂಬಿ ಮುಷ್ಟಿಯೊಳಗೆ ತಾನಾಗಿ ಬಂದು ಕೂತಿತು. ಈಚೆಗೆ ಹೇಳಿದ ಮಾತು ಕೇಳದ ನನ್ನ ಎಡಗಾಲನ್ನು ಇನ್ನೊಂದು ಕೈಯಿಂದ ಎತ್ತಿ ಒಳಗಿಟ್ಟೆ. ಕೋಳಿಗಳು ಆಕ್ಷೇಪಿಸಿದವು.

ಸಂದೇಹವಿದ್ದವರು ಯಾವ ದಿನ ಬೇಕಾದರೂ ಹೋಗಿ ನೋಡಬಹುದು. ಮೊದಲು ಕೂರಬೇಕು, ಕಾಲು ಆಮೇಲೆ.