ಸುಲ್ತಾನಬಿ ಬಚ್ಚಿಟ್ಟ ಚಾಕುಗಳು

ಗ್ರಹಣ ಬಂತೆಂದರೆ ಆಲಮೇಲದ ಆ ಓಣಿಯ ಬಸುರಿಯರೆಲ್ಲ ಸುಲ್ತಾನಬಿಯ ಕೈದಿಗಳು. ಮನೆಮನೆ ಹೊಕ್ಕು ಈಳಿಗೆ, ಚಾಕು, ಸೂಜಿ ಕಸಿದು ತಂದು ಬಚ್ಚಿಡುತ್ತಿದ್ದಳು. ಹಿಂದೂ ಮುಸಲ್ಮಾನ ಎಂಬ ಭೇದ ಈ ಜಪ್ತಿಗೆ ಇರಲಿಲ್ಲ. ಗ್ರಹಣ ಬಿಡುವತನಕ ಬಸುರಿ ಅಂಗಾತ ಮಲಗಿರಬೇಕು. ನಗುವವರು ನಗುತ್ತಿದ್ದರು, ಕಾರಣ ಗೊತ್ತಿದ್ದವರು ಸುಮ್ಮನಿರುತ್ತಿದ್ದರು. ಅವಳ ಚೊಚ್ಚಲ ಮಗಳು ತುಟಿ ನೀಲಿಗಟ್ಟಿ ತೊಟ್ಟಿಲಲ್ಲೇ ತೀರಿಕೊಂಡಿದ್ದಳು. ಬಸುರಿನಲ್ಲಿ, ಗ್ರಹಣದ ಹೊತ್ತು ಸುಲ್ತಾನಬಿ ಬದನೆಕಾಯಿ ಹೆಚ್ಚಿದ್ದಳಂತೆ. ಆ ಪೆಟ್ಟೇ ಕೂಸಿನ ಎದೆಗೆ ಬಿತ್ತೆಂದರು ಜನ. ಅವಳೂ ನಂಬಿದಳು.

ಸೊಸೆ ಹುಮಾ ಬಸುರಾದಾಗಲಂತೂ ಗ್ರಹಣದ ಹೊತ್ತು ಬಾಗಿಲಿಗೇ ಅಡ್ಡ ಕೂತಿದ್ದಳು. ಆದರೂ ಹುಟ್ಟಿದ ಹೆಣ್ಣುಕೂಸಿನ ತುಟಿ ನೀಲಿ. ತಾನು ಕಾದದ್ದರಲ್ಲಿ ಲೋಪವಿಲ್ಲ ಅಂದಮೇಲೆ ತಪ್ಪು ಸೊಸೆಯದೇ ಆಗಬೇಕಲ್ಲ! ಗ್ರಹಣದ ಹೊತ್ತು ಏನು ಹೆಚ್ಚಿದೆ, ಏನು ಹೊಲೆದೆ ಎಂದು ಹಗಲೂ ರಾತ್ರಿ ಕೇಳಿ ಹುಮಾಳ ಪ್ರಾಣ ಹಿಂಡಿದಳು. ಕೊನೆಗೊಂದು ದಿನ ಹುಮಾ ತಲೆ ತಗ್ಗಿಸಿ, ಹೌದು, ಕದ್ದು ಕೂಸಿಗೊಂದು ಕುಲಾಯಿ ಹೊಲೆದೆ ಎಂದಳು. ಎಲುಬಿಲ್ಲದ ನಾಲಿಗೆ ನೋಡಿ, ಸುಲ್ತಾನಬಿ ಅದನ್ನು ಓಣಿಗೆಲ್ಲ ಸಾರಿದಳು. ಕೂಸು ಉಳಿಯಲಿಲ್ಲ.

ಇನ್ನೊಂದು ಹಡೆಯುವ ಮುಂಚೆ ಕಾರಣ ತಿಳಿಯಲೆಂದು ಮಗ ಜೈನುದ್ದೀನ ಎಲ್ಲರನ್ನೂ ವಿಜಯಪುರದ ಡಾಕ್ಟರ ಬಳಿ ಕರೆದೊಯ್ದ. ಕೂಸು ಬದುಕಿದ್ದಾಗಲೇ ತೆಗೆದಿಟ್ಟಿದ್ದ ಅದರ ರಕ್ತದ ಜೊತೆ ಮನೆಯವರದೂ ಪರೀಕ್ಷೆ ಆಗಿತ್ತು. ಡಾಕ್ಟರು ರೇಣುಕಾ ತಾಳ್ಮೆಯಿಂದ ಬಿಡಿಸಿ ಹೇಳಿದರು. ಹೃದಯದ ಒಳಪದರದ ಕೋಶಗಳಿಗೆ ನೀನು ಕವಾಟವಾಗು, ನೀನು ಪದರವಾಗೇ ಇರು ಎಂದು ಅಪ್ಪಣೆ ಕೊಡುವ ಪ್ರೋಟೀನುಗಳಿರುತ್ತವೆ; ಯಾವ ಜೀನು ಏಳಬೇಕು, ಯಾವುದು ಮಲಗಬೇಕು ಎಂಬುದು ಅವುಗಳ ಕೈಯಲ್ಲಿ. ಅಂಥದೊಂದು ಪ್ರೋಟೀನು ಕೆಟ್ಟಿದ್ದರಿಂದ ಕವಾಟ ಸರಿಯಾಗಿ ಮೂಡಲಿಲ್ಲ. ಇದು ಬಸುರಿನ ಮೊದಲೆರಡು ತಿಂಗಳಲ್ಲೇ ಆಗುವ ಕೆಲಸ. ಗ್ರಹಣ ಬಂದದ್ದು ಆರನೆಯದರಲ್ಲಿ. ದೋಷ ಜೈನುದ್ದೀನನಲ್ಲೂ ಇತ್ತು, ಅವನ ತಾಯಿಯಲ್ಲೂ ಇತ್ತು. ಕೆಲವರಲ್ಲಿ ಅದು ಸುಮ್ಮನಿರುತ್ತದೆ, ಕೆಲವರನ್ನು ಬಿಡುವುದಿಲ್ಲ.

ಸುಲ್ತಾನಬಿ ಹೊರಗೆ ಬಂದು ಬೆಂಚಿನ ಮೇಲೆ ಕೂತಳು. ತನ್ನ ಮಗಳನ್ನು ಚಾಕು ಕೊಂದಿರಲಿಲ್ಲ ಎಂದು ಅಳು ಬಂತು, ತನ್ನ ರಕ್ತವೇ ಕೊಂದಿತಲ್ಲ ಎಂದು ಇನ್ನಷ್ಟು ಅಳು ಬಂತು. ಆಮೇಲೆ ಕಣ್ಣೊರೆಸಿಕೊಂಡು, ನೀನು ಹೊಲೆದದ್ದರಿಂದ ಏನೂ ಆಗಿಲ್ಲವಂತೆ ಎಂದು ಸೊಸೆಗೆ ಸಮಾಧಾನ ಹೇಳಹೋದಳು.

“ನಾ ಏನೂ ಹೊಲದಿದ್ದಿಲ್ರಿ ಅತ್ತಿ,” ಎಂದಳು ಹುಮಾ.

“ಮತ್ತ ಹೌದು ಅಂದ್ಯಲ್ಲ?”

“ನೀವು ಕೂಸಿನ್ನ ಮುಟ್ಟಲಿಲ್ರಿ. ತಪ್ಪು ಒಪ್ಕೊಂಡ್ರ ಸಿಟ್ಟು ಇಳಿದು ಎತ್ಕೋತೀರಿ ಅಂತ ತಿಳಿದಿದ್ನಿ.”

ಸುಲ್ತಾನಬಿ ಆಮೇಲೂ ಎತ್ತಿಕೊಂಡಿರಲಿಲ್ಲ. ಮೊಮ್ಮಗಳು ಎಷ್ಟು ಭಾರವಿದ್ದಳೆಂಬುದು ಅವಳ ಕೈಗಳಿಗೆ ಗೊತ್ತೇ ಆಗಲಿಲ್ಲ.